ಎಂಜಿನ್ ನೋಡೋಕೆ ಮೆಕ್ಯಾನಿಕ್ ಇದ್ದಾನೆ, ಒಳಗಿನ ಮನೆ ನೋಡೋರು ಯಾರು? ಮೋಟಾರ್‌ಹೋಮ್ ನಿರ್ವಹಣೆ, ರಿಪೇರಿ ಬಗ್ಗೆ ತಿಳಿದಿರಬೇಕಾದ ಸಂಗತಿಗಳು

ಕೋಲ್ಕತ್ತಾ: ಲಂಡನ್‌ನಿಂದ ಕಲ್ಕತ್ತಾಗೆ ಬಸ್! ಈ ಕಪ್ಪು ಬಿಳುಪು ಫೋಟೊ ನಿಮ್ಮ ವಾಟ್ಸಾಪ್ ಗ್ರೂಪ್‌ಗೂ ಒಮ್ಮೆಯಾದರೂ ಬಂದಿರುತ್ತದೆ. ಸುಳ್ಳು ಸುದ್ದಿ ಇರಬೇಕು ಎಂದು ಅನೇಕರು ಅಂದುಕೊಳ್ಳುತ್ತಾರೆ. ಆದರೆ ಬಸ್ ನಿಜ. 1957ರ ಏಪ್ರಿಲ್ 15ರಂದು 'ಇಂಡಿಯಾಮನ್' ಎಂಬ ಬಸ್ 20 ಪ್ರಯಾಣಿಕರನ್ನು ಹತ್ತಿಸಿಕೊಂಡು ಲಂಡನ್‌ನಿಂದ ಹೊರಟು, ಜೂನ್ 5ರಂದು ಕಲ್ಕತ್ತಾ ಮುಟ್ಟಿತ್ತು. ಒಂದು ಕಡೆಯ ಟಿಕೆಟ್ 85 ಪೌಂಡ್. ವಾಪಸ್ ಲಂಡನ್ ಸೇರಿದ್ದು ಆಗಸ್ಟ್ 2ಕ್ಕೆ, ಹೇಳಿದ ದಿನಕ್ಕಿಂತ 16 ದಿನ ತಡವಾಗಿ.

ಈ ಪೋಸ್ಟ್‌ಗಳಲ್ಲಿ ಸಾಮಾನ್ಯವಾಗಿ ಎರಡು ಬೇರೆ ಬಸ್‌ಗಳ ಕಥೆ ಕಲಸಿಹೋಗಿರುತ್ತದೆ. ಮಲಗಲು ಬಂಕ್, ಅಡುಗೆ ಕೋಣೆ, ಮೇಲಿನ ಅಂತಸ್ತಿನಲ್ಲಿ ಕೂತು ಹೊರಗೆ ನೋಡಲು ಲಾಂಜ್ ಎಲ್ಲಾ ಇದ್ದದ್ದು 'ಆಲ್ಬರ್ಟ್' ಎಂಬ ಡಬಲ್ ಡೆಕ್ಕರ್‌ನಲ್ಲಿ. ಸಿಡ್ನಿಯ ಆ ಹಳೇ ಬಸ್ಸನ್ನು ಆಂಡಿ ಸ್ಟುವರ್ಟ್ ಎಂಬ ಬ್ರಿಟಿಷ್ ಪ್ರವಾಸಿ ಕೊಂಡು, ಓಡುವ ಮನೆಯಾಗಿ ಬದಲಿಸಿ, 1968ರ ಅಕ್ಟೋಬರ್ 8ರಂದು ಸಿಡ್ನಿಯಿಂದ ಹೊರಟರು. ಭಾರತದ ಮೂಲಕ ಹಾದು ಲಂಡನ್ ತಲುಪಲು 132 ದಿನ ಹಿಡಿಯಿತು. ಆಮೇಲೆ 1976ರವರೆಗೆ ಅದೇ ಬಸ್ ಕಲ್ಕತ್ತಾ ದಾರಿಯಲ್ಲಿ ಸುಮಾರು 15 ಟ್ರಿಪ್ ಹೊಡೆಯಿತು.

ಇವತ್ತಿನ ಭಾಷೆಯಲ್ಲಿ ಹೇಳುವುದಾದರೆ ಆಲ್ಬರ್ಟ್ ಒಂದು ಮೋಟಾರ್‌ಹೋಮ್. ನಮ್ಮಲ್ಲಿ 'ಕ್ಯಾರವಾನ್' ಎಂದರೆ ಇಷ್ಟು ದಿನ ಶೂಟಿಂಗ್ ಸ್ಪಾಟ್‌ನಲ್ಲಿ ಸ್ಟಾರ್‌ಗಳು ಕೂರುವ ಗಾಡಿ ಅಂತಲೇ ಅರ್ಥವಿತ್ತು. ಈಗ ಹಾಗಿಲ್ಲ. ಕೇರಳ 2021ರಲ್ಲಿ 'ಕೇರವಾನ್' ಯೋಜನೆ ತಂದಿತು. ಕರ್ನಾಟಕದ 2020ರ ಪ್ರವಾಸೋದ್ಯಮ ನೀತಿಯಲ್ಲೂ ಕ್ಯಾರವಾನ್ ಪ್ರವಾಸಕ್ಕೆ ಜಾಗ ಸಿಕ್ಕಿತು. ಟೆಂಪೋ ಟ್ರಾವೆಲರ್, ವಿಂಗರ್‌ನಂಥ ಗಾಡಿ ಕೊಂಡು ಒಳಗೆ ಮಂಚ, ಸಿಂಕ್, ಟಾಯ್ಲೆಟ್ ಕಟ್ಟಿಸಿಕೊಂಡು ಹೊರಡುವ ಕುಟುಂಬಗಳ ವಿಡಿಯೊಗಳಿಗೆ ಯೂಟ್ಯೂಬ್‌ನಲ್ಲಿ ಬರವಿಲ್ಲ. ಬೆಂಗಳೂರಿನಿಂದ ವಿಜಯವಾಡ, ವಿಶಾಖಪಟ್ಟಣ, ಭುವನೇಶ್ವರ ದಾಟಿ ರಾಷ್ಟ್ರೀಯ ಹೆದ್ದಾರಿ 16ರಲ್ಲಿ ಕೋಲ್ಕತ್ತಾ ಮುಟ್ಟುವುದು ಅವರಲ್ಲಿ ಹಲವರ ಪಟ್ಟಿಯಲ್ಲಿರುವ ದೊಡ್ಡ ಟ್ರಿಪ್.

ವಿಡಿಯೊದಲ್ಲಿ ಕಾಣದ ಭಾಗ ಒಂದಿದೆ. ಮೋಟಾರ್‌ಹೋಮ್ ಎಂದರೆ ಒಂದು ಚಾಸಿಸ್ ಮೇಲೆ ಕೂತ ಎರಡು ವಸ್ತು. ಒಂದು ವಾಹನ, ಇನ್ನೊಂದು ಮನೆ. ಎಂಜಿನ್, ಬ್ರೇಕ್, ಕ್ಲಚ್‌ಗೆ ಕಂಪನಿಯ ಸರ್ವಿಸ್ ಸೆಂಟರ್ ಇದೆ, ದಾರಿಯ ಮೆಕ್ಯಾನಿಕ್ ಇದ್ದಾನೆ. ಗ್ಯಾಸ್, ಜನರೇಟರ್, ಬ್ಯಾಟರಿ, ನೀರಿನ ಟ್ಯಾಂಕ್, ಛಾವಣಿಯ ಸೀಲಂಟ್ ನೋಡುವವರು ಯಾರೂ ಇಲ್ಲ. ಕಿಲೋಮೀಟರ್ ಲೆಕ್ಕದಲ್ಲಿ ಸರ್ವಿಸ್ ಮಾಡಿಸಿ ಬಂದ ಮಾಲೀಕರು ಗಾಡಿ ರೆಡಿ ಎಂದುಕೊಳ್ಳುತ್ತಾರೆ. ಆದರೆ ಈ ಗಾಡಿಗಳಲ್ಲಿ ಜೀವ ಹೋದ ಪ್ರಕರಣ ನೋಡಿದರೆ ತಪ್ಪು ಇರುವುದು ಎಂಜಿನ್‌ನಲ್ಲಿ ಅಲ್ಲ, ಮನೆಯ ಭಾಗದಲ್ಲಿ.

ವಾಸನೆಯೇ ಇಲ್ಲದ ಅಪಾಯ

2024ರ ಡಿಸೆಂಬರ್ 23ರಂದು ಕೇರಳದ ಕೋಝಿಕ್ಕೋಡ್ ಜಿಲ್ಲೆಯ ವಡಕರದಲ್ಲಿ ರಸ್ತೆ ಬದಿ ನಿಂತಿದ್ದ ಕ್ಯಾರವಾನ್ ಒಳಗೆ ಇಬ್ಬರು ಶವವಾಗಿ ಸಿಕ್ಕರು. ಮೈಮೇಲೆ ಗಾಯವಿರಲಿಲ್ಲ. ಅವರು ಎಸಿ ಹಾಕಿಕೊಂಡು ವಿಶ್ರಾಂತಿಗೆ ಮಲಗಿದ್ದರು, ಎಸಿಗಾಗಿ ಜನರೇಟರ್ ಓಡುತ್ತಿತ್ತು. ಸಾವಿಗೆ ಕಾರಣ ಕಾರ್ಬನ್ ಮೋನಾಕ್ಸೈಡ್ ಎಂದು ಮರಣೋತ್ತರ ಪರೀಕ್ಷೆಯಲ್ಲಿ ಗೊತ್ತಾಯಿತು. ಆಮೇಲೆ ಎನ್‌ಐಟಿ ತಜ್ಞರು ಅದೇ ಗಾಡಿಯಲ್ಲಿ ಪರೀಕ್ಷೆ ನಡೆಸಿದಾಗ, ಜನರೇಟರ್‌ನ ಹೊಗೆ ನೆಲದ ಸಂದಿಯಿಂದ ಒಳಗೆ ಬಂದದ್ದು ಪತ್ತೆಯಾಯಿತು.

ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಇದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ವಾಕರಿಕೆ, ಸುಸ್ತು. ದಿನವಿಡೀ ಗಾಡಿ ಓಡಿಸಿದವರಿಗೆ ಇವು ಪ್ರಯಾಣದ ಆಯಾಸದಂತೆಯೇ ಅನಿಸುವುದರಿಂದ 'ಸ್ವಲ್ಪ ಮಲಗೋಣ' ಎನ್ನುತ್ತಾರೆ. ಮಲಗಿದವರಿಗೆ ಎಚ್ಚರವಾಗುವುದಿಲ್ಲ.

ಇದಕ್ಕೆ ಮಾಡಬೇಕಾದ ಕೆಲಸ ಬಹಳ ಸರಳ, ಆದರೂ ನಮ್ಮಲ್ಲಿ ಕಟ್ಟಿಸುವ ಎಷ್ಟೋ ಗಾಡಿಗಳಲ್ಲಿ ಅದು ಆಗಿರುವುದಿಲ್ಲ. ಗಾಡಿಯನ್ನು ಪಿಟ್ ಮೇಲೆ ನಿಲ್ಲಿಸಿ, ಕೆಳಗಿನಿಂದ ಟಾರ್ಚ್ ಬಿಟ್ಟು, ಒಳಗೆ ಒಬ್ಬರು ಕತ್ತಲಲ್ಲಿ ಕೂತು ನೋಡಬೇಕು. ಬೆಳಕು ಬಂದ ಕಡೆಯೆಲ್ಲಾ ಹೊಗೆಯೂ ಬರುತ್ತದೆ. ವೈರ್, ನೀರಿನ ಪೈಪ್ ಇಳಿಸಲು ಕೊರೆದ ತೂತುಗಳ ಸುತ್ತ ಬಿಟ್ಟ ಸಂದಿಗಳನ್ನು ಬೆಂಕಿ ತಡೆಯುವ ಸೀಲಂಟ್‌ನಿಂದ ಮುಚ್ಚಿಸಿ. ಜನರೇಟರ್‌ನ ಸೈಲೆನ್ಸರ್ ಪೈಪ್ ಗಾಡಿಯ ಅಂಚನ್ನು ದಾಟಿ ಹೊರಗೆ ಬಂದಿರಬೇಕು, ಕಿಟಕಿಯ ಕೆಳಗೆ ಕೊನೆಯಾಗಬಾರದು. ಹೆದ್ದಾರಿಯ ಕುಲುಕಾಟಕ್ಕೆ ಅದರ ಕ್ಲಾಂಪ್ ಸಡಿಲವಾಗುವುದು ಮಾಮೂಲು, ಪ್ರತಿ ದೊಡ್ಡ ಟ್ರಿಪ್‌ಗೆ ಮೊದಲು ಕೈಯಿಂದ ಅಲ್ಲಾಡಿಸಿ ನೋಡಿ. ಮಲಗುವ ಜಾಗದ ಹತ್ತಿರ ಕಾರ್ಬನ್ ಮೋನಾಕ್ಸೈಡ್ ಅಲಾರಂ ಇರಲಿ. ಬೆಡ್‌ಶೀಟ್, ಬಣ್ಣದ ಎಲ್‌ಇಡಿ ಪಟ್ಟಿಗೆ ಹಾಕುವ ದುಡ್ಡಲ್ಲೇ ಅದು ಬರುತ್ತದೆ. ಅಲಾರಂನ ಸೆನ್ಸರ್‌ಗೂ ಆಯಸ್ಸಿದೆ, ಎಕ್ಸ್‌ಪೈರಿ ದಿನಾಂಕ ಅದರ ಹಿಂಭಾಗದಲ್ಲಿರುತ್ತದೆ.

ಎಲ್ಲಕ್ಕಿಂತ ಮುಖ್ಯವಾಗಿ, ಜನರೇಟರ್ ಓಡುತ್ತಿರುವಾಗ ಒಳಗೆ ಮಲಗಬೇಡಿ. ಅಲಾರಂ ಕೂಗಿದರೆ ಕಾರಣ ಹುಡುಕುತ್ತಾ ನಿಲ್ಲದೆ ಎಲ್ಲರೂ ಹೊರಗೆ ಬನ್ನಿ. ತಲೆನೋವು, ವಾಂತಿ ಇದ್ದವರನ್ನು ಗಾಳಿಗೆ ಕೂರಿಸಿ ಬಿಟ್ಟರೆ ಸಾಲದು, ಆಸ್ಪತ್ರೆಯಲ್ಲಿ ಆಮ್ಲಜನಕ ಬೇಕಾಗುತ್ತದೆ.

ಸಿಲಿಂಡರ್ ಮೇಲಿನ ಆ ಒಂದು ಅಕ್ಷರ

2023ರ ಆಗಸ್ಟ್ 26ರ ಬೆಳಗಿನ ಜಾವ ಮದುರೈನಲ್ಲಿ ನಿಂತಿದ್ದ ಪ್ರವಾಸಿ ರೈಲು ಬೋಗಿಗೆ ಬೆಂಕಿ ಬಿದ್ದು 9 ಮಂದಿ ಸತ್ತರು. ಲಕ್ನೋದಿಂದ ಬಂದಿದ್ದ ಯಾತ್ರಿಗಳ ಖಾಸಗಿ ಬುಕಿಂಗ್‌ನ ಆ ಬೋಗಿಯೊಳಗೆ ನಿಯಮ ಮೀರಿ ಗ್ಯಾಸ್ ಸಿಲಿಂಡರ್ ಸಾಗಿಸಲಾಗಿತ್ತು. ರೈಲು ಬೋಗಿ ಮೋಟಾರ್‌ಹೋಮ್ ಅಲ್ಲ, ನಿಜ. ಆದರೆ ಇಕ್ಕಟ್ಟಾದ ಲೋಹದ ಪೆಟ್ಟಿಗೆ, ಒಳಗೆ ಮಲಗಿರುವ ಜನ, ಪಕ್ಕದಲ್ಲೇ ಸಿಲಿಂಡರ್, ಹೊರಬರಲು ಕಿರಿದಾದ ಬಾಗಿಲು ಎಂಬ ಲೆಕ್ಕ ಎರಡರಲ್ಲೂ ಒಂದೇ.

ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗದೆ ನೆಲದಲ್ಲಿ ನೀರಿನಂತೆ ಹರಡಿ, ಮಂಚದ ಕೆಳಗಿನ ಪೆಟ್ಟಿಗೆಗಳಲ್ಲಿ ಶೇಖರವಾಗುತ್ತದೆ. ಹಾಗಾಗಿ ಗ್ಯಾಸ್ ಅಲಾರಂ ಛಾವಣಿಯಲ್ಲಲ್ಲ, ನೆಲದಿಂದ ಒಂದಡಿಯೊಳಗೆ ಇರಬೇಕು. ಸಿಲಿಂಡರ್ ಇಡುವ ಪೆಟ್ಟಿಗೆಗೆ ಹೊರಗಿನಿಂದ ಬಾಗಿಲು, ತಳದಲ್ಲಿ ಹೊರಕ್ಕೆ ತೆರೆದ ತೂತು ಬೇಕು. ಪೆಟ್ಟಿಗೆಯಿಂದ ವಾಸದ ಕಡೆಗೆ ಒಂದು ಸಂದಿಯೂ ಇರಬಾರದು. ಗಾಡಿ ಓಡುವಾಗ ಸಿಲಿಂಡರ್ ನೆಟ್ಟಗೆ, ಬೆಲ್ಟ್ ಬಿಗಿದು, ರೆಗ್ಯುಲೇಟರ್ ಆಫ್ ಆಗಿರಬೇಕು.

ಸಿಲಿಂಡರ್ ಹಿಡಿಯ ಕೆಳಗಿನ ಪಟ್ಟಿಯ ಒಳಭಾಗದಲ್ಲಿ ಇಂಗ್ಲಿಷ್ ಅಕ್ಷರ ಒಂದು, ಜೊತೆಗೆ ಎರಡು ಅಂಕಿ ಬರೆದಿರುತ್ತಾರೆ. ಎ ಎಂದರೆ ಜನವರಿಯಿಂದ ಮಾರ್ಚ್, ಬಿ ಎಂದರೆ ಏಪ್ರಿಲ್‌ನಿಂದ ಜೂನ್, ಸಿ ಎಂದರೆ ಜುಲೈನಿಂದ ಸೆಪ್ಟೆಂಬರ್, ಡಿ ಎಂದರೆ ಅಕ್ಟೋಬರ್‌ನಿಂದ ಡಿಸೆಂಬರ್. ಅಂಕಿ ಇಸವಿಯದ್ದು. 'ಬಿ-28' ಅಂತಿದ್ದರೆ 2028ರ ಜೂನ್ ಒಳಗೆ ಆ ಸಿಲಿಂಡರ್ ಮತ್ತೆ ಪರೀಕ್ಷೆಯಾಗಬೇಕು. ಆ ಅವಧಿ ದಾಟಿದ್ದನ್ನು ಮನೆಗೇ ತಗೋಬಾರದು, ಗಾಡಿಗಂತೂ ಬೇಡವೇ ಬೇಡ. ರಬ್ಬರ್ ಟ್ಯೂಬ್ ಮೇಲೂ ದಿನಾಂಕ ಅಚ್ಚಾಗಿರುತ್ತದೆ. ಮನೆಯಲ್ಲಿ 5 ವರ್ಷಕ್ಕೊಮ್ಮೆ ಬದಲಿಸುವ ಟ್ಯೂಬನ್ನು ಸದಾ ಕುಲುಕುವ ಗಾಡಿಯಲ್ಲಿ ಅದಕ್ಕೂ ಬೇಗ ಬದಲಿಸುವುದು ಒಳ್ಳೆಯದು. ಸೋರಿಕೆ ನೋಡಲು ಸೋಪಿನ ನೀರು ಹಚ್ಚಿದರೆ ಸಾಕು, ಗುಳ್ಳೆ ಎದ್ದರೆ ಸೋರುತ್ತಿದೆ ಎಂದರ್ಥ. ಬೆಂಕಿಕಡ್ಡಿ ಗೀರಿ ನೋಡುವವರು ಈಗಲೂ ಇದ್ದಾರೆ, ಅವರಿಂದ ದೂರವಿರಿ.

ಗ್ಯಾಸ್ ಸಹವಾಸವೇ ಬೇಡ, ಇಂಡಕ್ಷನ್ ಸ್ಟವ್ ಇಡೋಣ ಎನ್ನುವವರು ಹೆಚ್ಚುತ್ತಿದ್ದಾರೆ. ಒಳ್ಳೆಯ ಯೋಚನೆಯೇ, ಆದರೆ ಅಪಾಯ ಅಲ್ಲಿಗೆ ಮುಗಿಯುವುದಿಲ್ಲ, ಜಾಗ ಬದಲಿಸಿಕೊಂಡು ಬ್ಯಾಟರಿಗೆ ಬರುತ್ತದೆ.

12 ವೋಲ್ಟ್ ಅಂತ ಹಗುರವಾಗಿ ನೋಡಬೇಡಿ

2,000 ವಾಟ್‌ನ ಇಂಡಕ್ಷನ್ ಸ್ಟವ್ ಇನ್ವರ್ಟರ್ ಮೂಲಕ ಓಡಿದರೆ 12 ವೋಲ್ಟ್ ಬ್ಯಾಟರಿಯಿಂದ ಸುಮಾರು 165 ಆಂಪಿಯರ್ ಎಳೆಯುತ್ತದೆ. ಇನ್ವರ್ಟರ್‌ನಲ್ಲಿ ಆಗುವ ನಷ್ಟ ಸೇರಿಸಿದರೆ ಇನ್ನೂ ಹೆಚ್ಚು. ಮನೆಯ ವೈರಿಂಗ್ ನೋಡಿ ಅಭ್ಯಾಸವಿರುವ ಎಲೆಕ್ಟ್ರಿಷಿಯನ್ ಇಲ್ಲಿ ತೆಳು ವೈರ್ ಹಾಕಿದರೆ ಅದು ಕಾದು, ಇನ್ಸುಲೇಷನ್ ಕರಗಿ, ಪ್ಲೈವುಡ್‌ಗೆ ಬೆಂಕಿ ಹಿಡಿಯುತ್ತದೆ. ಬ್ಯಾಟರಿಯ ಪಾಸಿಟಿವ್ ಟರ್ಮಿನಲ್‌ನ ಹತ್ತಿರದಲ್ಲೇ ಫ್ಯೂಸ್ ಇರಬೇಕು. ಎರಡು ಮೀಟರ್ ಆಚೆ ಇನ್ವರ್ಟರ್ ಪಕ್ಕದಲ್ಲಿ ಹಾಕಿದರೆ ಆ ಎರಡು ಮೀಟರ್ ವೈರ್‌ಗೆ ರಕ್ಷಣೆಯೇ ಇಲ್ಲದಂತಾಗುತ್ತದೆ. ಮೂರು ತಿಂಗಳಿಗೊಮ್ಮೆ ಎಲ್ಲಾ ಟರ್ಮಿನಲ್ ಬಿಗಿ ಮಾಡಿ. ಲೋಡ್ ಹಾಕಿ ಹತ್ತು ನಿಮಿಷವಾದ ಮೇಲೆ, ಇನ್ಸುಲೇಷನ್ ಇರುವ ಕಡೆ ಕೈ ಇಟ್ಟು ನೋಡಿದಾಗ ಬಿಸಿಯಾಗಿದ್ದರೆ ಅಲ್ಲಿ ಜಾಯಿಂಟ್ ಸಡಿಲವಿದೆ.

ಬ್ಯಾಟರಿ ಯಾವುದು ಎಂಬುದರ ಮೇಲೆ ನಿರ್ವಹಣೆ ಬದಲಾಗುತ್ತದೆ. ಮನೆಯ ಯುಪಿಎಸ್‌ಗೆ ಬಳಸುವ ಟ್ಯೂಬುಲರ್ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಬೇಕು, ಚಾರ್ಜ್ ಆಗುವಾಗ ಅದು ಹೈಡ್ರೋಜನ್ ಬಿಡುವುದರಿಂದ ಮಂಚದ ಕೆಳಗೆ ಮುಚ್ಚಿಡುವಂತಿಲ್ಲ. ಲೋಡ್ ಇಲ್ಲದೆ ಕೆಲವು ಗಂಟೆ ಬಿಟ್ಟ ಮೇಲೆ 12.6 ವೋಲ್ಟ್ ಆಸುಪಾಸು ತೋರಿಸಿದರೆ ಫುಲ್, 12.2ಕ್ಕೆ ಬಂದರೆ ಅರ್ಧ ಖಾಲಿ. ಅದಕ್ಕಿಂತ ಕೆಳಗೆ ಪದೇಪದೇ ಇಳಿಸಿದರೆ ಬೇಗ ಸಾಯುತ್ತದೆ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಹಗುರ, ಬಾಳಿಕೆಯೂ ಹೆಚ್ಚು. ಆದರೆ ಅದಕ್ಕೆ ಹೊಂದುವ ಚಾರ್ಜರ್ ಬೇಕು, ಗಾಡಿಯ ಆಲ್ಟರ್ನೇಟರ್‌ನಿಂದ ನೇರವಾಗಿ ಎಳೆಯದೆ ನಡುವೆ ಡಿಸಿ-ಡಿಸಿ ಚಾರ್ಜರ್ ಹಾಕಬೇಕು. ಇಲ್ಲದಿದ್ದರೆ ಆಲ್ಟರ್ನೇಟರ್ ಸುಟ್ಟುಹೋಗುವ ಸಂಭವವಿದೆ.

ಇನ್ನು ಎಸಿ. 200 ಆಂಪಿಯರ್ ಅವರ್ ಲಿಥಿಯಂ ಬ್ಯಾಟರಿಯಲ್ಲಿ ಇರುವುದು ಸುಮಾರು 2.5 ಯೂನಿಟ್ ವಿದ್ಯುತ್. ಒಂದು ಟನ್ ಎಸಿ ಗಂಟೆಗೆ ಹೆಚ್ಚುಕಡಿಮೆ ಒಂದು ಯೂನಿಟ್ ತಿಂದರೆ ಎರಡು ಗಂಟೆಗೆ ಬ್ಯಾಟರಿ ಖಾಲಿ. ಛಾವಣಿಯ 400 ವಾಟ್ ಸೋಲಾರ್ ಪ್ಯಾನೆಲ್ ಬಿಸಿಲು ಚೆನ್ನಾಗಿದ್ದ ದಿನ ಕೊಡುವುದು ಅಂದಾಜು ಒಂದೂವರೆ ಯೂನಿಟ್. ಕೋಲ್ಕತ್ತಾದ ಮೇ ತಿಂಗಳ ಬೆವರು ಸುರಿಯುವ ರಾತ್ರಿಯಲ್ಲಿ ಈ ಲೆಕ್ಕ ಗೊತ್ತಿಲ್ಲದವರು ಮಧ್ಯರಾತ್ರಿ ಎದ್ದು ಜನರೇಟರ್ ಹಾಕುತ್ತಾರೆ. ವಡಕರದ ಘಟನೆಯನ್ನು ಇಲ್ಲಿ ಮತ್ತೊಮ್ಮೆ ನೆನಪಿಸಿಕೊಳ್ಳಬಹುದು. ಗಾಡಿ ಕಟ್ಟಿಸುವಾಗಲೇ ಒಳ್ಳೆಯ ಇನ್ಸುಲೇಷನ್, ಛಾವಣಿಗೆ ಎಕ್ಸಾಸ್ಟ್ ಫ್ಯಾನ್, ರಾತ್ರಿಗೆ ಹೊರಗಿನ ಕರೆಂಟ್ ಸಿಗುವ ಪಾರ್ಕಿಂಗ್ ಯೋಚಿಸಿಕೊಂಡರೆ ಜನರೇಟರ್ ಪ್ರಶ್ನೆಯೇ ಬರುವುದಿಲ್ಲ.

ಹೊರಗಿನ ಕರೆಂಟ್ ತಗೊಳ್ಳುವವರು 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಇಲ್ಲದೆ ಪ್ಲಗ್ ಚುಚ್ಚಬೇಡಿ. 2025ರ ಸೆಪ್ಟೆಂಬರ್ 23ರಂದು ಕೋಲ್ಕತ್ತಾದಲ್ಲಿ ಒಂದೇ ದಿನದಲ್ಲಿ 250 ಮಿ.ಮೀ.ಗೂ ಹೆಚ್ಚು ಮಳೆ ಸುರಿದಾಗ, ನೀರು ನಿಂತ ಬೀದಿಗಳಲ್ಲಿ ಹಲವರು ಸತ್ತದ್ದು ಮುಳುಗಿ ಅಲ್ಲ, ವಿದ್ಯುತ್ ತಗುಲಿ. ಲೋಹದ ಬಾಡಿಯ ಗಾಡಿಗೆ ಅರ್ತಿಂಗ್ ಸರಿಯಿಲ್ಲದ ಕಡೆಯಿಂದ ಎಕ್ಸ್‌ಟೆನ್ಷನ್ ಎಳೆದು, ಬರಿಗಾಲಲ್ಲಿ ನೀರಲ್ಲಿ ನಿಂತು ಬಾಗಿಲ ಹಿಡಿ ಮುಟ್ಟಿದರೆ ಏನಾಗಬಹುದು ಎಂದು ಯೋಚಿಸಿ. ಆರ್‌ಸಿಸಿಬಿ ಮೇಲಿನ 'ಟೆಸ್ಟ್' ಬಟನ್ ಇರುವುದು ತಿಂಗಳಿಗೊಮ್ಮೆ ಒತ್ತಿ ನೋಡಲಿಕ್ಕೆ.

ಮಳೆ ನೀರು ಕೆಡಿಸುವ ಬಗೆ

ಬೆಂಗಳೂರಿನಲ್ಲಿ ಕಟ್ಟಿಸಿದ ಗಾಡಿ ಬಂಗಾಳದ ಮಳೆಗೆ ಮೊದಲ ವರ್ಷವೇ ಸೋರುವುದುಂಟು. ಬೆಂಗಳೂರಿನ ವಾರ್ಷಿಕ ಮಳೆ 1,000 ಮಿ.ಮೀ. ಆಸುಪಾಸು, ಕೋಲ್ಕತ್ತಾದ್ದು ಸುಮಾರು 1,800. ಅದೂ ಜೂನ್‌ನಿಂದ ಅಕ್ಟೋಬರ್‌ವರೆಗೆ ಗಾಳಿಯಲ್ಲಿ ಸದಾ ತೇವ.

ಸೋರುವುದು ಛಾವಣಿಯ ನಡುವೆ ಅಲ್ಲ, ಕೊರೆದ ಕಡೆ. ಎಸಿ, ಫ್ಯಾನ್, ಸೋಲಾರ್ ಪ್ಯಾನೆಲ್‌ನ ಬ್ರಾಕೆಟ್, ವೈರ್ ಇಳಿದ ತೂತು, ಕಿಟಕಿಯ ಅಂಚು, ಹಿಂದಿನ ಲೈಟ್, ಎಲ್ಲವೂ ನೀರಿಗೆ ದಾರಿ. ಒಳಗೆ ಕಲೆ ಕಂಡ ಜಾಗದ ನೇರ ಮೇಲೆಯೇ ತೂತು ಇರುತ್ತದೆ ಎಂದೇನಿಲ್ಲ, ನೀರು ಫ್ರೇಮ್ ಹಿಡಿದು ಎರಡು ಮೂರು ಅಡಿ ಹರಿದು ಬಂದಿರುತ್ತದೆ. ಗೋಡೆಗೆ ಹೆಬ್ಬೆರಳು ಒತ್ತಿ ನೋಡಿ. ಮೆತ್ತಗಾಗಿದ್ದರೆ ಒಳಗಿನ ಪ್ಲೈವುಡ್ ಕೊಳೆಯುತ್ತಿದೆ, ಸೀಲಂಟ್ ಹಚ್ಚಿದರೆ ಇನ್ನು ಸಾಲದು, ಆ ಭಾಗ ಬಿಚ್ಚಲೇಬೇಕು.

ಗ್ಯಾರೇಜ್‌ನಲ್ಲಿ ಬೇಗ ಕೈಗೆ ಸಿಗುವುದು ಸಿಲಿಕೋನ್ ಟ್ಯೂಬ್, ಅದನ್ನೇ ಬಳಿದು ಕಳಿಸುತ್ತಾರೆ. ಛಾವಣಿಗೆ ಅದು ಬೇಡ. ಕುಲುಕಾಟಕ್ಕೆ ಎದ್ದು ಬರುತ್ತದೆ, ಮುಂದೆ ಅದರ ಮೇಲೆ ಬೇರೆ ಯಾವ ಸೀಲಂಟೂ ಕಚ್ಚುವುದಿಲ್ಲ. ಬ್ರಾಕೆಟ್ ಕೆಳಗೆ ಬ್ಯೂಟೈಲ್ ಟೇಪ್, ಅಂಚಿಗೆ ಪಾಲಿಯುರೆಥೇನ್ ಸೀಲಂಟ್ ಸರಿಯಾದ ಜೋಡಿ. ಹಳೆಯದನ್ನು ಪೂರ್ತಿ ಕೆರೆದು, ಜಾಗ ಒಣಗಿಸಿ, ಆಮೇಲೆ ಹಚ್ಚಬೇಕು. ಬಂಗಾಳದಲ್ಲಿ ಈ ಕೆಲಸಕ್ಕೆ ಸರಿಯಾದ ಕಾಲ ಚಳಿಗಾಲ ಮುಗಿಯುವ ಹೊತ್ತು. ಮಾರ್ಚ್ ನಂತರ ಕಾಲಬೈಶಾಖಿ ಶುರುವಾಗುತ್ತದೆ. ನಮ್ಮ ಮುಂಗಾರು ಪೂರ್ವ ಗುಡುಗು ಮಳೆಯ ದೊಡ್ಡಣ್ಣ ಅದು. ಸಂಜೆ ಇದ್ದಕ್ಕಿದ್ದಂತೆ ಬೀಸುವ ಆ ಬಿರುಗಾಳಿಗೆ ಗಾಡಿಯ ಪಕ್ಕ ಬಿಚ್ಚಿದ ನೆರಳಿನ ಬಟ್ಟೆ, ಅಂದರೆ ಆವ್ನಿಂಗ್, ತೋಳು ಸಮೇತ ಕಿತ್ತು ಬರಬಹುದು. ಮೋಡ ಕಪ್ಪಾದ ಕೂಡಲೇ ಸುತ್ತಿಡಿ.

ಥಂಥನಿಯಾ, ಆಮ್‌ಹರ್ಸ್ಟ್ ಸ್ಟ್ರೀಟ್ ಕಡೆ ಜೋರು ಮಳೆ ಬಂದರೆ ಮೊಣಕಾಲುದ್ದ ನೀರು ನಿಲ್ಲುವುದು ಕೋಲ್ಕತ್ತಾದವರಿಗೆ ಹೊಸದಲ್ಲ. ಅಂಥ ನೀರಿನಲ್ಲಿ ಗಾಡಿ ನಿಂತುಹೋದರೆ ಮತ್ತೆ ಸ್ಟಾರ್ಟ್ ಮಾಡುವ ಪ್ರಯತ್ನವೇ ಬೇಡ. ಸಿಲಿಂಡರ್ ಒಳಗೆ ಹೋದ ನೀರು ಒತ್ತಡಕ್ಕೆ ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗಿ ಎಂಜಿನ್ ಹಾಳಾಗುತ್ತದೆ. ಮಾಮೂಲಿ ಪಾಲಿಸಿಯಲ್ಲಿ ಈ ನಷ್ಟಕ್ಕೆ ಪರಿಹಾರ ಸಿಗುವುದು ಕಷ್ಟ, 'ಎಂಜಿನ್ ಪ್ರೊಟೆಕ್ಟ್' ಆಡ್-ಆನ್ ಬೇಕು. ಟೋ ಮಾಡಿಸಿದ ಮೇಲೆ ಎಂಜಿನ್ ಜೊತೆಗೆ ಗೇರ್‌ಬಾಕ್ಸ್, ಹಿಂದಿನ ಡಿಫರೆನ್ಷಿಯಲ್‌ನ ಆಯಿಲ್ ಕೂಡ ನೋಡಿಸಿ. ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ಪುರಿ, ದಿಘಾ ಬೀಚ್ ಹತ್ತಿರ ದಿನಗಟ್ಟಲೆ ನಿಲ್ಲಿಸಿ ಬಂದವರು ಸಿಹಿ ನೀರಿನಿಂದ ಗಾಡಿಯ ಅಡಿಭಾಗ ತೊಳೆಸಲೇಬೇಕು, ಉಪ್ಪುಗಾಳಿಗೆ ಬ್ರೇಕ್ ಪೈಪ್ ತುಕ್ಕು ಹಿಡಿಯುವುದು ಹೊರಗೆ ಕಾಣುವುದಿಲ್ಲ.

ಟ್ಯಾಂಕ್ ನೀರು ಎಲ್ಲಿಯದು?

ಮೋಟಾರ್‌ಹೋಮ್‌ನಲ್ಲಿ ಕನಿಷ್ಠ ಎರಡು ಟ್ಯಾಂಕ್ ಇರುತ್ತವೆ, ಒಳ್ಳೆಯ ನೀರಿಗೆ ಒಂದು, ಬಳಸಿದ ನೀರಿಗೆ ಒಂದು. ಟಾಯ್ಲೆಟ್‌ಗೆ ಬೇರೆ ಟ್ಯಾಂಕ್ ಅಥವಾ ಎಳೆದು ತೆಗೆಯುವ ಕ್ಯಾಸೆಟ್. ಒಳ್ಳೆಯ ನೀರಿನ ಟ್ಯಾಂಕ್ ವಾರಗಟ್ಟಲೆ ಹಾಗೇ ಬಿಟ್ಟರೆ ಒಳಗೆ ಪಾಚಿ, ಲೋಳೆ. 100 ಲೀಟರ್ ಟ್ಯಾಂಕ್‌ಗೆ ಸುಮಾರು 100 ಮಿ.ಲೀ. ಸುವಾಸನೆಯಿಲ್ಲದ ಮನೆ ಬಳಕೆಯ ಬ್ಲೀಚ್ ಬೆರೆಸಿ, ಎಲ್ಲಾ ನಲ್ಲಿಗಳಲ್ಲೂ ವಾಸನೆ ಬರುವವರೆಗೆ ಹರಿಸಿ, ರಾತ್ರಿಯಿಡೀ ಬಿಟ್ಟು, ಬೆಳಗ್ಗೆ ವಾಸನೆ ಹೋಗುವವರೆಗೆ ತೊಳೆದರೆ ಸರಿಹೋಗುತ್ತದೆ. ವರ್ಷಕ್ಕೆರಡು ಸಲ ಸಾಕು, ನಿಂತಿದ್ದ ಗಾಡಿಯಾದರೆ ಹೊರಡುವ ಮುನ್ನ ಇನ್ನೊಮ್ಮೆ.

ನೀರನ್ನು ಎಲ್ಲಿ ತುಂಬಿಸುತ್ತೀರಿ ಎಂಬುದು ಬಂಗಾಳದಲ್ಲಿ ಸಣ್ಣ ವಿಷಯವಲ್ಲ. ಉತ್ತರ ಮತ್ತು ದಕ್ಷಿಣ 24 ಪರಗಣ, ನದಿಯಾ, ಮುರ್ಷಿದಾಬಾದ್, ಮಾಲ್ಡಾ ಜಿಲ್ಲೆಗಳ ಹಲವೆಡೆ ಕೊಳವೆ ಬಾವಿ ನೀರಿನಲ್ಲಿ ಆರ್ಸೆನಿಕ್ ಇದೆ. ಕುದಿಸಿದರೂ ಅದು ಹೋಗುವುದಿಲ್ಲ, ಬ್ಲೀಚ್‌ಗೂ ಬಗ್ಗುವುದಿಲ್ಲ. ಸುಂದರಬನ್ ಕಡೆ ಹೊರಟವರು ಕೋಲ್ಕತ್ತಾದಲ್ಲೇ ನಗರಪಾಲಿಕೆಯ ನಲ್ಲಿ ನೀರು ತುಂಬಿಸಿಕೊಂಡು, ಕುಡಿಯಲು ಬೇರೆ ಕ್ಯಾನ್ ಇಟ್ಟುಕೊಳ್ಳುವುದು ಕ್ಷೇಮ. ಬಳಸಿದ ನೀರು, ಟಾಯ್ಲೆಟ್ ಟ್ಯಾಂಕನ್ನು ರಸ್ತೆ ಬದಿ, ಹೊಳೆಗೆ ಬಿಡುವವರ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಿಲ್ಲಿಸಿದ ಗಾಡಿಯ ಸ್ಟೆಪ್ನಿ, ಹೊದಿಕೆಯ ಮಡಿಕೆಗಳಲ್ಲಿ ನಿಂತ ನೀರಿನಲ್ಲಿ ಡೆಂಗಿ ಸೊಳ್ಳೆ ಮರಿ ಮಾಡುತ್ತದೆ, ಮಳೆಗಾಲದಲ್ಲಿ ವಾರಕ್ಕೊಮ್ಮೆ ಚೆಲ್ಲಿ.

ಓಡದ ಗಾಡಿಗೇ ರಿಪೇರಿ ಜಾಸ್ತಿ

ಟೂರಿಸ್ಟ್ ವಾಹನ ಓಡಿ ಸವೆಯುತ್ತದೆ, ಸ್ವಂತದ ಮೋಟಾರ್‌ಹೋಮ್ ನಿಂತು ಹಾಳಾಗುತ್ತದೆ. ವರ್ಷದಲ್ಲಿ ಹತ್ತು ತಿಂಗಳು ನಿಂತ ಗಾಡಿಯ ಟೈರ್‌ನಲ್ಲಿ ಗುಂಡಿ (ಟ್ರೆಡ್) ಹೊಸದರಂತೆ ಕಾಣುತ್ತದೆ, ರಬ್ಬರ್ ಮಾತ್ರ ಒಣಗಿ ಪಕ್ಕದಲ್ಲಿ ಸಣ್ಣ ಬಿರುಕು ಬಿಟ್ಟಿರುತ್ತದೆ. ಟೈರ್ ಪಕ್ಕೆಯಲ್ಲಿ ನಾಲ್ಕು ಅಂಕಿ ನೋಡಿ. '2319' ಎಂದರೆ 2019ರ 23ನೇ ವಾರ ತಯಾರಾದದ್ದು. ಐದಾರು ವರ್ಷ ದಾಟಿದ ಟೈರ್ ಹಾಕಿಕೊಂಡು, ತುಂಬಿದ ಗಾಡಿಯಲ್ಲಿ, ಆಂಧ್ರದ ಬಿಸಿಲ ಹೆದ್ದಾರಿಯಲ್ಲಿ ಹೋಗುವುದು ಟೈರ್ ಸಿಡಿಯಲಿ ಎಂದು ಕಾದಂತೆ.

ತೂಕದ ಕಡೆ ಯಾರೂ ಗಮನ ಕೊಡುವುದಿಲ್ಲ. ಒಂದು ಲೀಟರ್ ನೀರು ಒಂದು ಕಿಲೋ. 150 ಲೀಟರ್ ನೀರು, ಬ್ಯಾಟರಿ, ಜನರೇಟರ್, ಪ್ಲೈವುಡ್ ಕಪಾಟು, ಆರು ಜನ, ಅವರ ಲಗೇಜು ಸೇರಿದರೆ ಕಂಪನಿ ಕೊಟ್ಟ ಒಟ್ಟು ತೂಕದ ಮಿತಿ ಸುಲಭವಾಗಿ ದಾಟುತ್ತದೆ. ಎಲ್ಲಾ ತುಂಬಿಸಿ, ಎಲ್ಲರನ್ನೂ ಕೂರಿಸಿ, ಲಾರಿಗಳು ಹೋಗುವ ವೇಬ್ರಿಡ್ಜ್ ಮೇಲೆ ಒಮ್ಮೆ ಹತ್ತಿಸಿ. ಆರ್‌ಸಿಯಲ್ಲಿರುವ ತೂಕಕ್ಕೆ ಹೋಲಿಸಿ ನೋಡಿದರೆ ಬ್ರೇಕ್ ಯಾಕೆ ಬೇಗ ಸವೆಯುತ್ತಿದೆ ಎಂಬುದಕ್ಕೆ ಉತ್ತರ ಅಲ್ಲೇ ಸಿಗುತ್ತದೆ.

ನಿಂತ ಗಾಡಿಯನ್ನು ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುವುದರಿಂದ ಲಾಭಕ್ಕಿಂತ ನಷ್ಟವೇ ಹೆಚ್ಚು. 2020ರ ಏಪ್ರಿಲ್‌ನಿಂದ ಜಾರಿಯಾದ ಬಿಎಸ್6 ಡೀಸೆಲ್ ಎಂಜಿನ್‌ಗಳಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ, ಸಣ್ಣ ಓಟದಲ್ಲಿ ಅದು ಕಟ್ಟಿಕೊಳ್ಳುತ್ತದೆ. ತಿಂಗಳಿಗೊಮ್ಮೆ 25-30 ಕಿ.ಮೀ. ಹೆದ್ದಾರಿಯಲ್ಲಿ ಓಡಿಸಿ ಬನ್ನಿ. ಇಲಿ ವೈರ್ ಕಡಿದಿದೆಯಾ ಎಂದೂ ಹೊರಡುವ ಮೊದಲೇ ಬಾನೆಟ್ ಎತ್ತಿ ನೋಡಿ.

ಭಾಗಗಳು ಸಿಗದಿದ್ದರೆ ಬೆಂಗಳೂರಿನವರಿಗೆ ಜೆ.ಸಿ. ರಸ್ತೆ, ಶಿವಾಜಿನಗರ ಇದ್ದಂತೆ ಕೋಲ್ಕತ್ತಾದಲ್ಲಿ ಮಲ್ಲಿಕ್ ಬಜಾರ್ ಇದೆ. ಪಾರ್ಕ್ ಸ್ಟ್ರೀಟ್ ಸ್ಮಶಾನದ ಆಸುಪಾಸಿನ ಈ ಮಾರುಕಟ್ಟೆ ಹಳೇ ಗಾಡಿಗಳ ಬಿಡಿಭಾಗಕ್ಕೆ ಹೆಸರುವಾಸಿ. ಬಾಗಿಲಿನ ಲಾಕ್, ಲೈಟ್, ಗಾಜು, ಸಸ್ಪೆನ್ಷನ್ ಭಾಗಗಳಿಗೆ ಅದು ಸರಿ. ಬ್ರೇಕ್, ಗ್ಯಾಸ್, ವಿದ್ಯುತ್‌ಗೆ ಸಂಬಂಧಿಸಿದ್ದನ್ನು ಮಾತ್ರ ಸೆಕೆಂಡ್‌ಹ್ಯಾಂಡ್ ಕೊಳ್ಳಬೇಡಿ, ಎಷ್ಟೇ ಅಗ್ಗವಾಗಿ ಸಿಕ್ಕರೂ.

ಹಳೇ ಬಸ್ ಕೊಂಡು ಮನೆ ಮಾಡುವ ಮುನ್ನ

ಆಲ್ಬರ್ಟ್ ಕಥೆ ಓದಿ ಹಳೇ ಬಸ್ ಕೊಳ್ಳೋಣ ಅನಿಸಿದವರಿಗೆ ಒಂದು ಮಾತು. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ ಆರ್‌ಸಿಯಲ್ಲಿ ಇರುವ ವಿವರಕ್ಕೆ, ತಯಾರಕರು ಕೊಟ್ಟ ವಿನ್ಯಾಸಕ್ಕೆ ವಿರುದ್ಧವಾಗಿ ವಾಹನ ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿ ಹಿಡಿಯಿತು. ಉಲ್ಲಂಘಿಸಿದ ಮಾಲೀಕರಿಗೆ 6 ತಿಂಗಳವರೆಗೆ ಜೈಲು ಅಥವಾ ಪ್ರತಿ ಮಾರ್ಪಾಡಿಗೆ 5,000 ರೂ. ದಂಡ, ಇಲ್ಲವೇ ಎರಡೂ. ಅನುಮತಿ ಪಡೆದ ಬಾಡಿ ಬಿಲ್ಡರ್‌ನಿಂದ ಕಟ್ಟಿಸಿ, ಆರ್‌ಸಿಯಲ್ಲಿ ಕ್ಯಾಂಪರ್ ವ್ಯಾನ್ ಎಂದೇ ನಮೂದಾಗಿದ್ದರೆ ತೊಂದರೆಯಿಲ್ಲ. ಆರ್‌ಟಿಒಗೆ ತಿಳಿಸದ ಬದಲಾವಣೆ ಇದ್ದರೆ ಅಪಘಾತವಾದಾಗ ವಿಮಾ ಕಂಪನಿ ಮೊದಲು ಹಿಡಿಯುವುದೇ ಅದನ್ನು.

ಕೋಲ್ಕತ್ತಾಗೆ ಇನ್ನೊಂದು ವಿಶೇಷವಿದೆ. 15 ವರ್ಷ ದಾಟಿದ ವಾಣಿಜ್ಯ ವಾಹನಗಳನ್ನು ಮಹಾನಗರದ ರಸ್ತೆಗಳಿಂದ ತೆಗೆಯುವಂತೆ ಕಲ್ಕತ್ತಾ ಹೈಕೋರ್ಟ್ 2008ರಲ್ಲೇ ಆದೇಶಿಸಿತ್ತು. ಅಂಥ ಗಾಡಿ ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳುವ ಮುನ್ನ ಸದ್ಯದ ನಿಯಮವೇನು ಎಂದು ಆರ್‌ಟಿಒದಲ್ಲಿ ವಿಚಾರಿಸಿ. ಕರ್ನಾಟಕ ನೋಂದಣಿಯ ಗಾಡಿಯನ್ನು ಕೆಲಸದ ನಿಮಿತ್ತ ಅಲ್ಲೇ ಇಟ್ಟುಕೊಳ್ಳುವವರಿಗೆ ಸೆಕ್ಷನ್ 47 ಅನ್ವಯಿಸುತ್ತದೆ. ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇದ್ದರೆ ಅಲ್ಲಿನ ನೋಂದಣಿ ಸಂಖ್ಯೆ ಪಡೆಯಬೇಕು. ಅದಕ್ಕೆ ಕರ್ನಾಟಕದ ಆರ್‌ಟಿಒದಿಂದ ಎನ್‌ಒಸಿ ಬೇಕಾಗುತ್ತದೆ. ಇಲ್ಲಿ ಕಟ್ಟಿದ ತೆರಿಗೆಯಲ್ಲಿ ಉಳಿದ ಅವಧಿಯದ್ದನ್ನು ವಾಪಸ್ ಪಡೆಯಲು ಬೇರೆ ಅರ್ಜಿ ಕೊಡಬೇಕು. ಹಳೇ ರಸೀದಿ, ವಿಮೆ, ಹೊಗೆ ತಪಾಸಣೆ ಪತ್ರ, ಬಾಡಿ ಬಿಲ್ಡರ್ ಕೊಟ್ಟ ಬಿಲ್ ಮತ್ತು ವೈರಿಂಗ್ ನಕ್ಷೆ ಒಂದೇ ಫೈಲ್‌ನಲ್ಲಿರಲಿ. ವೈರಿಂಗ್ ನಕ್ಷೆಯ ಒಂದು ಪ್ರತಿ ಗಾಡಿಯ ಒಳಗೇ ಇರಬೇಕು, ಖರಗ್‌ಪುರದಲ್ಲಿ ರಾತ್ರಿ ಹತ್ತಕ್ಕೆ ಸಿಗುವ ಎಲೆಕ್ಟ್ರಿಷಿಯನ್‌ಗೆ ಮೊದಲು ಬೇಕಾಗುವುದು ಅದೇ.